ತಮ್ಮ ಕಳಿಸಿದ ಡಬ್ಬಿ



ಹಾವೇರಿ ಕಡೆಯ ಓದುಗ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. ಅವರ ಮಗ ಅಮೆರಿಕದಿಂದ ಬಂದಾಗ ಒಂದು ವೈಫೈ ರೂಟರ್ ತಂದುಕೊಟ್ಟು ಹೋಗಿದ್ದಾನಂತೆ. "ಅವನು ಹೊರಟ ಮೇಲೆ ಪೆಟ್ಟಿಗೆ ಬಿಚ್ಚಿದೆ. ಅದರ ಪಿನ್ನು ಚಪ್ಪಟೆ, ನಮ್ಮ ಸಾಕೆಟ್ಟಿಗೆ ಹೋಗುವುದಿಲ್ಲ. ಅಂಗಡಿಯವರು ಮೂವತ್ತು ರೂಪಾಯಿಗೆ ಒಂದು ಕನ್ವರ್ಟರ್ ಪಿನ್ನು ಕೊಟ್ಟು, ಇದಕ್ಕೆ ಸಿಕ್ಕಿಸಿ ಹಾಕಿ ಎಂದಿದ್ದಾರೆ. ಹಾಕಲೇ?" ಎಂಬುದು ಅವರ ಪ್ರಶ್ನೆ.

ತಡೆಯಿರಿ ತಾಯಿ, ಸ್ವಲ್ಪ ತಡೆಯಿರಿ!

ಉಪ್ಪಿನಕಾಯಿಗೆ ಬೂಷ್ಟು ಬಾರದಂತೆ ಏನು ಮಾಡಬೇಕು, ರೇಷ್ಮೆ ಸೀರೆ ಮಡಿಸಿಡುವುದು ಹೇಗೆ ಎಂದು ಬರೆದುಕೊಂಡು ಬಂದವಳು ನಾನು. ಓದಿದ್ದು ಎಸ್ಸೆಸ್ಸೆಲ್ಸಿ. ಯಂತ್ರದ ವಿಷಯ ಇವಳಿಗೇನು ಗೊತ್ತು ಎಂದು ನೀವು ಕೇಳಿದರೆ ತಪ್ಪಿಲ್ಲ. ಆದರೆ ಈ ಒಂದು ಪ್ರಶ್ನೆಗೆ ಉತ್ತರ ಹೇಳುವ ಯೋಗ್ಯತೆ ನನಗುಂಟು. ಹೋದ ಮಳೆಗಾಲದಲ್ಲಿ ಇದೇ ಮೂವತ್ತು ರೂಪಾಯಿಯ ಪಿನ್ನು ಸಿಕ್ಕಿಸಿ, ಸ್ವಿಚ್ ಒತ್ತಿ, ಟಪ್ ಎನ್ನಿಸಿದವಳು ನಾನೇ.

ನಡೆದದ್ದನ್ನು ಹೇಳಿಬಿಡುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆ ಸಾಗರದಲ್ಲೇ ಇದ್ದಾರೆ. ಒಬ್ಬನೇ ತಮ್ಮ, ಅವನಿರುವುದು ನ್ಯೂಜೆರ್ಸಿಯಲ್ಲಿ. ಅಲ್ಲಿ ಬೆಳಿಗ್ಗೆ ಒಂಬತ್ತಾದರೆ ನಮಗೆ ಸಂಜೆ ಆರೂವರೆ. ಅವನು ಕೆಲಸಕ್ಕೆ ಕೂರುವ ಮೊದಲು, ಇಲ್ಲಿ ದೇವರಿಗೆ ದೀಪ ಹಚ್ಚಿದ ಮೇಲೆ, ವಿಡಿಯೋ ಫೋನು ಮಾಡುತ್ತಾನೆ. ನಮ್ಮನೆಗೆ ನೆಟ್ಟಿನ ಲೈನು ಬಂದಿರುವುದು ರಸ್ತೆಯ ಕಂಬದಿಂದ ಜಗುಲಿಗೆ. ಹಾಕಲು ಬಂದ ಹುಡುಗ ಬಾಗಿಲ ಪಕ್ಕದಲ್ಲೇ ಡಬ್ಬಿ ಬಡಿದು ಹೋಗಿದ್ದ. ಅಮ್ಮನ ಕೋಣೆ ಇರುವುದು ಹಿಂದುಗಡೆ, ಅಡುಗೆಮನೆಯ ಪಕ್ಕ. ನಡುವೆ ಎರಡು ಜಂಬಿಟ್ಟಿಗೆ ಗೋಡೆ. ಹಳೆಯ ಕಾಲದ ಮನೆ ನೋಡಿ, ಗೋಡೆ ಮೊಳ ದಪ್ಪ. ಜಗುಲಿಯ ವೈಫೈ ನಡುಮನೆ ದಾಟುವಷ್ಟರಲ್ಲಿ ಸುಸ್ತಾಗುತ್ತಿತ್ತು.

ಹಾಗಾಗಿ ಅಮ್ಮ ಮೊಣಕಾಲು ಹಿಡಿದುಕೊಂಡು ದಿನಾ ಸಂಜೆ ಜಗುಲಿಗೆ ಬರಬೇಕು. ಅಲ್ಲಿ ನಮ್ಮ ಯಜಮಾನರು ಪೇಪರು ಹಿಡಿದು ಕೂತಿರುತ್ತಾರೆ. ಮಗ ಟಿವಿ ಹಾಕಿರುತ್ತಾನೆ. ಎದುರುಮನೆಯವರು ಹೂವು ಕೊಡಲು ಬಂದವರು ಬಾಗಿಲಲ್ಲೇ ನಿಂತಿರುತ್ತಾರೆ. "ಹೇಗಿದೀಯಮ್ಮಾ?" "ಚೆನ್ನಾಗಿದೀನಪ್ಪ." "ಊಟ?" "ಇನ್ನೇನು ಮಾಡ್ತಾರೆ." "ಕಾಲು?" "ಇದೆಯಪ್ಪ ಹಾಗೇ." ಅಷ್ಟೇ, ಮುಗಿಯಿತು. ತಾಯಿ ಮಗನಿಗೆ ಆಡಲು ಇಷ್ಟೇ ಮಾತು ಉಳಿದಿದೆ ಎಂದೇ ನಾನು ಅಂದುಕೊಂಡಿದ್ದೆ.

ತಮ್ಮ ಮಾತ್ರ ಹಾಗೆ ಅಂದುಕೊಂಡಿರಲಿಲ್ಲ. ತನ್ನ ಮನೆಗೆ ಹೊಸ ರೂಟರ್ ಕೊಂಡಾಗ ಹಳೆಯದನ್ನು, ಊರಿಗೆ ಬರುವವರೊಬ್ಬರ ಕೈಯಲ್ಲಿ ಕಳಿಸಿದ. "ಅಕ್ಕ, ಇದನ್ನ ಅಮ್ಮನ ಕೋಣೆಗೇ ಹಾಕ್ಸು" ಅಂದ. ನಿಜ ಹೇಳುತ್ತೇನೆ, ನನಗೆ ಸ್ವಲ್ಪ ಚುಚ್ಚಿತು. ನಮ್ಮೆದುರಿಗೆ ಆಡಲಾಗದ ಮಾತು ಅದೇನಿದೆ? ಮಗಳ ಮನೆಯಲ್ಲಿರುವ ತಾಯಿ, ಅಳಿಯನ ಸಂಪಾದನೆಯ ಊಟ, ದೂರದಲ್ಲಿರುವ ಮಗ. ಈ ಸಂಗತಿ ನಿಮ್ಮಲ್ಲಿ ಹಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮನಸ್ಸಿನಲ್ಲಿ ಆ ಕಿರಿಕಿರಿ ಇಟ್ಟುಕೊಂಡೇ ಪೆಟ್ಟಿಗೆ ಬಿಚ್ಚಿದೆ. ಯಜಮಾನರು "ಯಾರಾದರೂ ತಿಳಿದವರಿಗೆ ತೋರಿಸು" ಅಂದರು. ಒಂದು ಡಬ್ಬಿಗೆ ಕರೆಂಟು ಕೊಡಲು ಯಾರನ್ನು ಕೇಳಬೇಕು ಎಂದು ಅಂಗಡಿಯಿಂದ ಪಿನ್ನು ತಂದು ಸಿಕ್ಕಿಸಿದೆ. ಸ್ವಿಚ್ ಒತ್ತಿದ್ದೇ ತಡ, ಪಟಾಕಿಯಂತೆ ಒಂದು ಸದ್ದು, ಸುಟ್ಟ ವಾಸನೆ, ಮನೆಯ ಫ್ಯೂಸೂ ಹೋಯಿತು. ಅಮ್ಮ ಕೋಣೆಯಿಂದ "ಏನಾಯ್ತೇ?" ಎಂದು ಕೇಳಿದರು. "ಏನಿಲ್ಲಮ್ಮ, ಕರೆಂಟು ಹೋಯ್ತು" ಅಂದೆ. ಸುಳ್ಳೇನೂ ಅಲ್ಲವಲ್ಲ!

ಆದರೆ ತಮ್ಮನಿಗೆ ಹೇಳಿದ್ದು ಅಪ್ಪಟ ಸುಳ್ಳು. ನಾಲ್ಕು ದಿನ "ಮಳೆ ಕಣೋ, ಲೈನಿನ ಹುಡುಗ ಬಂದಿಲ್ಲ" ಎಂದು ಸಾಗಹಾಕಿದೆ. ಐದನೆಯ ದಿನ ಅಮ್ಮನೇ ಅಂದರು, "ಅವನಿಗೆ ಹೇಳಿಬಿಡು. ಸುಟ್ಟಿದ್ದು ಡಬ್ಬಿ ತಾನೇ, ಮನೆ ಅಲ್ಲವಲ್ಲ." ವಾಸನೆ ಹಿಂದಿನ ಕೋಣೆಗೂ ಹೋಗಿತ್ತು ಎಂದು ಆಗ ಗೊತ್ತಾಯಿತು.

ಕೈಚೀಲದಲ್ಲಿ ಎಲ್ಲವನ್ನೂ ಹಾಕಿಕೊಂಡು ಪೇಟೆಯಲ್ಲಿ ಮೊದಲಿನಿಂದ ರೇಡಿಯೋ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರಲ್ಲಿಗೆ ಹೋದೆ. ಅವರು ರೂಟರನ್ನು ಮುಟ್ಟಲೇ ಇಲ್ಲ. ಗೋಡೆಗೆ ಚುಚ್ಚುವ ಕಪ್ಪು ಅಡಾಪ್ಟರನ್ನು ಮಾತ್ರ ಕೈಗೆತ್ತಿಕೊಂಡು, ಭೂತಗನ್ನಡಿ ಹಿಡಿದು, "ಓದಮ್ಮಾ ಇದನ್ನ" ಅಂದರು. ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರ. ಇನ್‌ಪುಟ್ 120 ವೋಲ್ಟ್, 60 ಹರ್ಟ್ಸ್.

ಇಡೀ ಕಥೆ ಇರುವುದು ಆ ಒಂದು ಸಾಲಿನಲ್ಲಿ. ನಮ್ಮ ಮನೆಗೆ ಬರುವ ಕರೆಂಟು 230 ವೋಲ್ಟ್, 50 ಹರ್ಟ್ಸ್. ಅಮೆರಿಕ, ಕೆನಡಾಗಳಲ್ಲಿ 120 ವೋಲ್ಟ್, 60 ಹರ್ಟ್ಸ್. 1882 ರಲ್ಲಿ ಎಡಿಸನ್ ಸಾಹೇಬರು ನ್ಯೂಯಾರ್ಕಿನಲ್ಲಿ ದೀಪ ಹತ್ತಿಸಲು 110 ವೋಲ್ಟಿನ ಕರೆಂಟು ಕೊಟ್ಟರಂತೆ. ಅದರ ಆಸುಪಾಸಿನಲ್ಲೇ ಅವರು ಉಳಿದುಕೊಂಡರು, ನಾವು ಸುಮಾರು ಎರಡರಷ್ಟರಲ್ಲಿದ್ದೇವೆ. 120 ಕುಡಿಯುವ ಬಾಯಿಗೆ 230 ಸುರಿದರೆ ಏನಾಗಬೇಕೋ ಅದೇ ಆಯಿತು. ಒಳಗಿನ ಕೆಪಾಸಿಟರು ಒಡೆದಿತ್ತು. ಮೂವತ್ತು ರೂಪಾಯಿಯ ಪಿನ್ನು ಇದೆಯಲ್ಲ, ಅದು ಪಿನ್ನಿನ ವೇಷ ಬದಲಿಸುತ್ತದೆಯೇ ಹೊರತು ಕರೆಂಟಿನ ಗುಣ ಬದಲಿಸುವುದಿಲ್ಲ. ಅಂಗಡಿಯವರು ಇದನ್ನು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಹಾವೇರಿಯ ಸೋದರಿ ಈಗ ಅಡಾಪ್ಟರನ್ನು ಬೆಳಕಿಗೆ ಹಿಡಿಯಲಿ. ಇನ್‌ಪುಟ್ ಎಂಬ ಪದದ ಮುಂದೆ 100 ರಿಂದ 240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಭಯವೇ ಇಲ್ಲ, ಅದು ಎಲ್ಲ ದೇಶದಲ್ಲೂ ನಡೆಯುವಂಥದು. ಫೋನಿನ ಚಾರ್ಜರು, ಲ್ಯಾಪ್‌ಟಾಪಿನದು ಬಹುತೇಕ ಹೀಗೇ ಇರುತ್ತವೆ. ಆಗ ಆ ಮೂವತ್ತು ರೂಪಾಯಿಯ ಪಿನ್ನೇ ಸಾಕು, ಸಡಿಲವಿಲ್ಲದೆ ಗಟ್ಟಿಯಾಗಿ ಕೂರಬೇಕು ಅಷ್ಟೆ. ಬರೀ 120 ಎಂದಿದ್ದರೆ ಮಾತ್ರ ಗೋಡೆಯ ಹತ್ತಿರಕ್ಕೂ ಒಯ್ಯಬೇಡಿ. (ಅಲ್ಲಿಯ ಮಿಕ್ಸಿಯನ್ನು ಇಲ್ಲಿ ತರುವವರಿಗೂ ಇದೇ ಮಾತು. ಇಲ್ಲಿಯ ಮಿಕ್ಸಿಯನ್ನು ಅಲ್ಲಿಗೆ ಒಯ್ದರೆ ಸುಡುವುದಿಲ್ಲ, ಆದರೆ ಚಟ್ನಿ ರುಬ್ಬಲು ಅದಕ್ಕೆ ತ್ರಾಣವೇ ಇರುವುದಿಲ್ಲ.)

ಹಾಗಾದರೆ ರೂಟರ್ ದಂಡವೇ? ಅಲ್ಲ. ನನ್ನ ಪುಣ್ಯಕ್ಕೆ ಸತ್ತದ್ದು ಅಡಾಪ್ಟರ್ ಮಾತ್ರ. ರೂಟರ್ ಎಂಬುದು ಗೋಡೆಯ ಕರೆಂಟನ್ನು ನೇರವಾಗಿ ಕುಡಿಯುವುದಿಲ್ಲ, ಅಡಾಪ್ಟರ್ ಅದನ್ನು ಇಳಿಸಿ ಕೊಡುತ್ತದೆ. ಇನ್‌ಪುಟ್ಟಿನ ಕೆಳಗೆ ಔಟ್‌ಪುಟ್ ಎಂಬ ಇನ್ನೊಂದು ಸಾಲಿರುತ್ತದೆ. ನಮ್ಮದರಲ್ಲಿ 12 ವೋಲ್ಟ್, 1.5 ಆಂಪಿಯರ್ ಎಂದಿತ್ತು. ಅಷ್ಟೇ ಕೊಡುವ ನಮ್ಮ ದೇಶದ ಅಡಾಪ್ಟರ್ ಹಾಕಿದರೆ ಮುಗಿಯಿತು. ಆ ಹಿರಿಯರು ಪೆಟ್ಟಿಗೆ ತಡಕಾಡಿ 12 ವೋಲ್ಟ್, 2 ಆಂಪಿಯರಿನದೊಂದು ಕೊಟ್ಟರು, 250 ರೂಪಾಯಿ. "ಆಂಪಿಯರು ಜಾಸ್ತಿ ಆಯ್ತಲ್ಲ, ಮತ್ತೆ ಸುಡುತ್ತೇನೋ" ಎಂದು ನಾನು ಹೆದರಿದೆ. ಅವರು ನಕ್ಕು, "ಅಕ್ಕಿ ಡಬ್ಬಿ ದೊಡ್ಡದಿದ್ದರೆ ಅನ್ನ ಜಾಸ್ತಿ ಆಗುತ್ತಾ ಅಮ್ಮಾ? ಬೇಕಾದಷ್ಟೇ ತಗೊಳ್ತದೆ" ಅಂದರು. ವೋಲ್ಟ್ ಮಾತ್ರ ಅದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬಹುದು, ಕಡಿಮೆ ಇರಕೂಡದು. ನಿಮ್ಮ ರೂಟರು 9 ವೋಲ್ಟಿನದೋ 5 ವೋಲ್ಟಿನದೋ ಆಗಿದ್ದರೆ ಅದನ್ನೇ ಕೇಳಿ. ರೂಟರಿನೊಳಗೆ ಹೋಗುವ ದುಂಡು ಪಿನ್ನಿನ ಗಾತ್ರ ಹೊಂದಬೇಕು. ನಡುವೆ ಒಂದು ಚುಕ್ಕಿ, ಸುತ್ತ ಅರ್ಧಚಂದ್ರ, ಆಚೀಚೆ ಕೂಡುವ ಕಳೆಯುವ ಚಿಹ್ನೆ ಇರುವ ಚಿತ್ರವೊಂದು ಅಡಾಪ್ಟರಿನ ಮೇಲಿರುತ್ತದೆ. ಹಳೆಯದರಲ್ಲೂ ಹೊಸದರಲ್ಲೂ ಆ ಚಿತ್ರ ಒಂದೇ ತೆರನಾಗಿರಬೇಕು. ಹಳೆಯ ಅಡಾಪ್ಟರನ್ನು ಎಸೆಯದೆ ಜೊತೆಗೇ ಒಯ್ಯಿರಿ, ಅಂಗಡಿಯವರೇ ಹೋಲಿಸಿ ಕೊಡುತ್ತಾರೆ. 230 ನ್ನು 110 ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರೂ ಸಿಗುತ್ತದೆ, ಆದರೆ ಅದು ಇಟ್ಟಿಗೆಯಷ್ಟು ಭಾರ. ಈ ಸಣ್ಣ ಕೆಲಸಕ್ಕೆ ಅದೇಕೆ?

ಮನೆಗೆ ಬಂದು ಹಾಕಿದೆ. ದೀಪಗಳು ಮಿಣಮಿಣ ಅಂದವು. ಮೊಬೈಲಿನಲ್ಲಿ ತಮ್ಮನ ಮನೆಯ ವೈಫೈ ಹೆಸರೇ ಬಂತು, ಅವನ ಮಕ್ಕಳು ಇಟ್ಟದ್ದು, ಯಾವುದೋ ನಾಯಿಮರಿಯ ಹೆಸರು. ಆದರೆ ನೆಟ್ ಮಾತ್ರ ಇಲ್ಲ! ಇಲ್ಲಿ ಇನ್ನೊಂದು ಗೊಂದಲ ಬಿಡಿಸಬೇಕು. ರೂಟರ್ ಎಂದರೆ ನೆಟ್ ಅಲ್ಲ. ನೆಟ್ ಎಂಬುದು ಪುರಸಭೆಯ ನಲ್ಲಿ ನೀರಿನಂತೆ ಹೊರಗಿನಿಂದ ಬರಬೇಕು. ರೂಟರ್ ಅದನ್ನು ಮನೆಯೊಳಗೆ ಚಿಮುಕಿಸುತ್ತದೆ, ಅಷ್ಟೆ. ಈಗ ನಮ್ಮ ಊರುಗಳಿಗೆ ಬರುತ್ತಿರುವುದು ಹೆಚ್ಚಾಗಿ ಗಾಜಿನ ನೂಲಿನ ಫೈಬರ್ ಲೈನು. ಅದು ಕಂಪನಿಯವರು ಕೊಟ್ಟ ಡಬ್ಬಿಗೇ ಹೋಗಬೇಕು, ವಿದೇಶದ ರೂಟರಿಗೆ ಅದನ್ನು ಸಿಕ್ಕಿಸಲು ಬರುವುದಿಲ್ಲ. ಆ ನೂಲನ್ನು ಮಡಚಬೇಡಿ, ತುದಿಯನ್ನು ಕಣ್ಣಿಗೆ ಹಿಡಿದು ನೋಡಲೂ ಬೇಡಿ. ಕಂಪನಿಯ ಡಬ್ಬಿಯನ್ನು ಇದ್ದಲ್ಲೇ ಬಿಟ್ಟು, ಅದರ ಹಿಂದಿನ ಲ್ಯಾನ್ ತೂತಿನಿಂದ ಒಂದು ಲ್ಯಾನ್ ಕೇಬಲ್ ಎಳೆದು, ರೂಟರಿನ ಇಂಟರ್‌ನೆಟ್ ಅಥವಾ ವ್ಯಾನ್ ಎಂದು ಬರೆದ ತೂತಿಗೆ ಕೊಡಬೇಕು. ಆ ತೂತು ಸಾಮಾನ್ಯವಾಗಿ ಬೇರೆ ಬಣ್ಣದ್ದಿರುತ್ತದೆ, ಮಿಕ್ಕವುಗಳಿಂದ ಸ್ವಲ್ಪ ದೂರ ಇರುತ್ತದೆ.

ನಮಗೆ 15 ಮೀಟರು ಬೇಕಾಯಿತು. ಈ ಕೇಬಲನ್ನು 100 ಮೀಟರಿನವರೆಗೂ ಎಳೆಯಬಹುದಂತೆ, ಎಂಥ ತೊಟ್ಟಿಮನೆಗೂ ಸಾಕು. ಮಗ ಏಣಿ ಹತ್ತಿ ನಡುಮನೆಯ ಜಂತಿಗುಂಟ ಕ್ಲಿಪ್ಪು ಹೊಡೆದ. ತುದಿ ಸಿಕ್ಕಿಸಿದ ಎರಡು ನಿಮಿಷಕ್ಕೆ ಅಮ್ಮನ ಕೋಣೆಯಲ್ಲಿ ನೆಟ್ ಬಂತು. ಯೂಸರ್ ನೇಮು, ಪಾಸ್‌ವರ್ಡು ಏನೂ ಕೇಳಲಿಲ್ಲ, ಏಕೆಂದರೆ ಆ ಲೆಕ್ಕವನ್ನೆಲ್ಲ ಕಂಪನಿಯ ಡಬ್ಬಿಯೇ ನೋಡಿಕೊಳ್ಳುತ್ತಿತ್ತು. ನಿಮ್ಮಲ್ಲಿ ಹಾಗೆ ಬಾರದಿದ್ದರೆ ಲೈನಿನ ಹುಡುಗನನ್ನು ಕರೆದು, ರೂಟರನ್ನು ಆಕ್ಸೆಸ್ ಪಾಯಿಂಟ್ ಮಾಡಿಕೊಡು ಎಂದು ಹೇಳಿ, ಅವನಿಗೆ ಅರ್ಥವಾಗುತ್ತದೆ.

ಒಂದು ಎಚ್ಚರಿಕೆ. ಅಮೆರಿಕದಿಂದ ಬರುವ ಕೆಲವು ಡಬ್ಬಿಗಳ ಬೆನ್ನಲ್ಲಿ ಟಿವಿ ಕೇಬಲಿನಂತೆ ತಿರುಗಿಸಿ ಕೂರಿಸುವ ದುಂಡು ತಿರುಪಿರುತ್ತದೆ. ಅದು ಅಲ್ಲಿಯ ಕೇಬಲ್ ಲೈನಿನ ಮೋಡೆಮ್ಮು, ನಮ್ಮ ಫೈಬರಿಗೆ ಆಗಿಬರುವುದಿಲ್ಲ. ಅಲ್ಲಿಯ ಕಂಪನಿ ಬಾಡಿಗೆಗೆ ಕೊಟ್ಟ ಡಬ್ಬಿಯಾದರೆ ಅದನ್ನು ಅಲ್ಲೇ ವಾಪಸು ಕೊಡಬೇಕು, ತರುವುದೇ ತಪ್ಪು. ಮಕ್ಕಳು ಹೊರಡುವ ಮೊದಲೇ ಇದನ್ನು ವಿಚಾರಿಸಿ.

ಈಗ ಅಮ್ಮನ ವಿಷಯಕ್ಕೆ ಬರುತ್ತೇನೆ. ಮೊದಲ ಸಂಜೆ ಫೋನು ಬಂದಾಗ ಅಮ್ಮ ಮಂಚದ ಮೇಲೆ ದಿಂಬಿಗೆ ಒರಗಿ ಕೂತರು. ನಾನು ಅಡುಗೆಮನೆಯಲ್ಲಿ ಪಲ್ಯಕ್ಕೆ ಬೀನ್ಸು ಹೆಚ್ಚುತ್ತಿದ್ದೆ. ಬಾಗಿಲು ಅರೆ ತೆರೆದಿತ್ತು. ಹತ್ತು ನಿಮಿಷ ಆಯಿತು, ಇಪ್ಪತ್ತಾಯಿತು, ಮುಕ್ಕಾಲು ಗಂಟೆಯಾಯಿತು. ದನಿ ಕೇಳುತ್ತದೆ, ಮಾತು ಕೇಳುವುದಿಲ್ಲ. ನಡುವೆ ಅಮ್ಮ ನಕ್ಕದ್ದೂ ಕೇಳಿತು. ನನ್ನ ಒಗ್ಗರಣೆ ಸೀದುಹೋಯಿತು. ಎದ್ದು ಹೋಗಿ ಆ ಬಾಗಿಲನ್ನು ಮುಚ್ಚಿಬಿಡಲೇ, ಪೂರ್ತಿ ತೆಗೆಯಲೇ ಎಂದು ತಿಳಿಯದೆ ನಿಂತಿದ್ದೆ.

ಒಂದು ವಾರ ಕಳೆದ ಮೇಲೆ ತಮ್ಮ ನನಗೇ ಬೇರೆ ಫೋನು ಮಾಡಿದ. "ಅಕ್ಕ, ಬೇಜಾರು ಮಾಡ್ಕೋಬೇಡ. ಅಮ್ಮನಿಗೆ ಎಡಗಣ್ಣು ಮಂಜಾಗಿ ವರ್ಷದ ಮೇಲಾಯ್ತಂತೆ. ಭಾವನಿಗೆ ಆಪರೇಶನ್ ಖರ್ಚು ಬೀಳುತ್ತೆ ಅಂತ ಹೇಳಿಲ್ಲ."

ನನಗೆ ನೆಲ ಕುಸಿದಂತಾಯಿತು. ಹೂಬತ್ತಿ ಹೊಸೆಯುವುದನ್ನು ಅಮ್ಮ ಬಿಟ್ಟು ಎಷ್ಟು ತಿಂಗಳಾಯಿತು ಎಂದು ಎಣಿಸಿದೆ. ಅಕ್ಕಿಯ ಕಲ್ಲು ಆರಿಸಲು ಕೊಟ್ಟರೆ "ನೀನೇ ನೋಡಿಬಿಡೇ" ಎನ್ನುತ್ತಿದ್ದರು. ವಯಸ್ಸಾಯಿತು, ಬೇಸರ ಎಂದುಕೊಂಡಿದ್ದೆ. ಒಂದೇ ಮನೆಯಲ್ಲಿ ಬಡಿಸುತ್ತಿದ್ದವಳು ನಾನು. ಜಗುಲಿಯಲ್ಲಿ ಅಳಿಯನೆದುರು ಆಡಲಾಗದ ಮಾತು ಅದೇನಿದೆ ಎಂದು ಕೇಳಿದ್ದೆನಲ್ಲ, ಇದಿತ್ತು.

ಯಜಮಾನರಿಗೆ ಹೇಳಿದೆ. ಅವರು ಪೇಪರು ಕೆಳಗಿಟ್ಟು, "ನನಗೆ ಹೇಳೋಕೆ ಅತ್ತೆಗೆ ಅಷ್ಟು ಭಯವೇನೇ?" ಎಂದರು. ಆ ರಾತ್ರಿ ಅವರು ಸರಿಯಾಗಿ ಊಟ ಮಾಡಲಿಲ್ಲ. ಮುಂದಿನ ವಾರವೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಪೊರೆ ತೆಗೆದರು, ಅದೇ ದಿನ ಸಂಜೆ ಮನೆಗೆ ಕಳಿಸಿದರು. ಕಣ್ಣಿನ ಕಟ್ಟು ಬಿಚ್ಚಿದ ಮೇಲೆ ಬಂದ ಮೊದಲ ವಿಡಿಯೋ ಫೋನಿನಲ್ಲಿ ಅಮ್ಮ ಅಂದದ್ದು ಅಡುಗೆಮನೆಗೂ ಸ್ಪಷ್ಟವಾಗಿ ಕೇಳಿತು: "ಅಯ್ಯೋ ನಿನ್ನ, ಇಷ್ಟೊಂದು ತಲೆ ನರೆತಿದೆಯಲ್ಲೋ! ಯಾವಾಗಿಂದ?"

ಇರಲಿ. ಉಳಿದ ಎರಡು ಮಾತು ಹೇಳಿ ಮುಗಿಸುತ್ತೇನೆ.

ವೈಫೈ ಅಲೆಗಳಿಗೂ ಒಂದೊಂದು ದೇಶದಲ್ಲಿ ಒಂದೊಂದು ಕಟ್ಟಳೆ. 2.4 ಗಿಗಾಹರ್ಟ್ಸ್ ಎಂಬ ಬ್ಯಾಂಡಿನಲ್ಲಿ ಅಮೆರಿಕದವರು 1 ರಿಂದ 11 ರವರೆಗಿನ ಚಾನೆಲ್ ಬಳಸುತ್ತಾರೆ, ನಮ್ಮಲ್ಲಿ 13 ರವರೆಗೂ ಉಂಟು. ಆದ್ದರಿಂದ ಅಲ್ಲಿಯ ರೂಟರು ಇಲ್ಲಿ ಕೆಲಸ ಮಾಡಲು ಅಡ್ಡಿಯಿಲ್ಲ. ತೊಂದರೆ ಬರುವುದು ಉಲ್ಟಾ ಇದ್ದಾಗ. ಇಲ್ಲಿಯ ಡಬ್ಬಿ 12 ನೆಯ ಅಥವಾ 13 ನೆಯ ಚಾನೆಲಿನಲ್ಲಿದ್ದರೆ ಅಮೆರಿಕದಲ್ಲಿ ಕೊಂಡ ಕೆಲವು ಫೋನು, ಲ್ಯಾಪ್‌ಟಾಪುಗಳ ಕಣ್ಣಿಗೆ ಅದು ಬೀಳುವುದೇ ಇಲ್ಲ. ಬಂದ ಮಕ್ಕಳು "ನಿಮ್ಮನೆ ವೈಫೈ ಕಾಣಿಸ್ತಿಲ್ಲ" ಎಂದರೆ ಲೈನಿನ ಹುಡುಗನಿಗೆ ಹೇಳಿ 1, 6, 11 ರಲ್ಲಿ ಒಂದಕ್ಕೆ ಬದಲಿಸಿಕೊಳ್ಳಿ. 5 ಗಿಗಾಹರ್ಟ್ಸಿನ ಬ್ಯಾಂಡು ಓಟದಲ್ಲಿ ಚುರುಕು, ಆದರೆ ದಪ್ಪ ಗೋಡೆ ದಾಟಲು ಅಷ್ಟು ಶಕ್ತವಲ್ಲ. ಅದರಲ್ಲಿ 36 ರಿಂದ 48 ರವರೆಗಿನ ಚಾನೆಲು ಎರಡೂ ದೇಶಕ್ಕೆ ಒಪ್ಪಿಗೆ. ಹೊಸ ರೂಟರುಗಳಲ್ಲಿ 6 ಗಿಗಾಹರ್ಟ್ಸ್ ಎಂಬ ಮೂರನೆಯದೂ ಇರುತ್ತದೆ. 2020 ರಲ್ಲಿ ಅಮೆರಿಕ ಅದಕ್ಕೆ ಬಿಟ್ಟುಕೊಟ್ಟಷ್ಟು ಜಾಗ ನಮ್ಮಲ್ಲಿ ಬಿಟ್ಟಿಲ್ಲ, ಅದನ್ನು ಆರಿಸಿಡುವುದು ಲೇಸು. ಸೆಟ್ಟಿಂಗಿನಲ್ಲಿ ದೇಶ ಆರಿಸುವ ಜಾಗವಿದ್ದರೆ ಭಾರತ ಎಂದು ಹಾಕಿ. ಅಮೆರಿಕದಲ್ಲಿ ಮಾರುವ ಹಲವು ರೂಟರುಗಳಲ್ಲಿ ಆ ಜಾಗವೇ ಇರುವುದಿಲ್ಲ, ಹುಡುಕಿ ಸುಸ್ತಾಗಬೇಡಿ. ರೂಟರಿನ ಒಳಗಿನ ಅಡ್ಮಿನ್ ಪಾಸ್‌ವರ್ಡನ್ನು ಮಾತ್ರ ಮರೆಯದೆ ಬದಲಿಸಿ. ವೈಫೈ ಹೆಸರನ್ನು ನಾನು ಬದಲಿಸಿಲ್ಲ. ಹೆಸರು, ಗುಟ್ಟಿನ ಪದ ಎರಡೂ ಹಾಗೇ ಇದ್ದರೆ ತಮ್ಮನ ಮಕ್ಕಳು ಇಲ್ಲಿಗೆ ಬಂದಾಗ ಅವರ ಫೋನು ತಾನಾಗಿ ಅಂಟಿಕೊಳ್ಳುತ್ತದಂತೆ. ಅಮ್ಮ "ಹಾಗೇ ಇರಲಿ ಬಿಡು" ಅಂದಿದ್ದಾರೆ.

ಇನ್ನೊಂದು ಕರೆಂಟಿನ ಮಾತು. ಜೋಗ ನಮ್ಮ ಪಕ್ಕದಲ್ಲೇ, ಕರೆಂಟು ಹುಟ್ಟುವುದು ಇಲ್ಲೇ, ಮಳೆಗಾಲದಲ್ಲಿ ಮೊದಲು ಹೋಗುವುದೂ ಇಲ್ಲೇ! ರೂಟರಿಗೆಂದೇ ಬರುವ 12 ವೋಲ್ಟಿನ ಪುಟ್ಟ ಯುಪಿಎಸ್ ಒಂದನ್ನು ಅಮ್ಮನ ಕೋಣೆಗೆ ತಂದೆವು. ಕರೆಂಟು ಹೋಯಿತು, ರೂಟರು ಜಗಜಗ ಉರಿಯುತ್ತಿದೆ, ನೆಟ್ ಇಲ್ಲ. ಜಗುಲಿಯ ಡಬ್ಬಿ ಸತ್ತಿದ್ದರೆ ಇಲ್ಲಿ ದೀಪ ಉರಿದು ಏನು ಫಲ? ಕಡೆಗೆ ಅದಕ್ಕೂ ಒಂದು ತಂದದ್ದಾಯಿತು. ನೀವು ಎರಡನ್ನೂ ಒಂದೇ ಕಡೆ ಇಡುವುದಾದರೆ ಎರಡು ಬಾಯಿಯ ಯುಪಿಎಸ್ ಒಂದೇ ಸಾಕು. ಎರಡರ ಆಂಪಿಯರ್ ಕೂಡಿಸಿ ಅಷ್ಟು ಕೊಡುತ್ತದೆಯೇ ಎಂದು ನೋಡಿ ಕೊಳ್ಳಿ. ನಮ್ಮದು ಮೂರು ಗಂಟೆ ತಡೆಯುತ್ತದೆ. ಮೊನ್ನೆ ಮನೆಯೆಲ್ಲ ಕತ್ತಲಾದಾಗ ಅಮ್ಮನ ಮಾತು ನಿಂತಿರಲಿಲ್ಲ. ಮೇಣದ ಬತ್ತಿ ಒಯ್ದು ಹೊಸ್ತಿಲಲ್ಲಿಟ್ಟು, ಬಾಗಿಲು ಎಳೆದುಕೊಂಡು ಬಂದೆ.

ಹಾವೇರಿಯ ಸೋದರಿಗೆ ಕೊನೆಯದಾಗಿ: ಅಡಾಪ್ಟರಿನ ಇನ್‌ಪುಟ್, ಔಟ್‌ಪುಟ್ ಸಾಲುಗಳನ್ನು ಹಾಗೇ ನಕಲು ಮಾಡಿ ಬರೆದು ಕಳಿಸಿ. ಅಕ್ಷರ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ನಾನು ನಮ್ಮ ರೇಡಿಯೋ ಹಿರಿಯರಿಗೆ ತೋರಿಸಿ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ. ಅಲ್ಲಿಯವರೆಗೆ ಅದು ಪೆಟ್ಟಿಗೆಯಲ್ಲೇ ಇರಲಿ.